ಗೆದ್ದರೂ ಕೈಗೆ ಬಾರದ ರೊಕ್ಕ

‘ನಿಮ್ಮ ವಿನಂತಿ ಪರಿಶೀಲನೆಯಲ್ಲಿದೆ.’

ಮೊಬೈಲಿನಲ್ಲಿ ಬೆಟ್ಟಿಂಗ್ ಆಡಿ ನಾಲ್ಕು ಕಾಸು ಗೆದ್ದವನು ಆ ಹಣವನ್ನು ತನ್ನ ಬ್ಯಾಂಕ್ ಖಾತೆಗೆ ಇಳಿಸಿಕೊಳ್ಳಲು ಹೊರಟಾಗ ಪರದೆಯ ಮೇಲೆ ಮೂಡುವ ಮಾತು ಬಹುಮಟ್ಟಿಗೆ ಇದೇ. ಆತ ಬೆಟಗೇರಿಯ ಮಗ್ಗದ ಮನೆಯ ಹುಡುಗನಿರಬಹುದು, ಮುಂಡರಗಿಯಿಂದ ದಿನಾ ಬಸ್ಸಿನಲ್ಲಿ ಗದಗಿನ ಕಾಲೇಜಿಗೆ ಬರುವವನಿರಬಹುದು, ಲಕ್ಷ್ಮೇಶ್ವರದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನಿರಬಹುದು. ರೊಕ್ಕ ಹಾಕುವಾಗ ಯಾರೂ ಏನನ್ನೂ ಪರಿಶೀಲಿಸಿರಲಿಲ್ಲ. ಯುಪಿಐ ಗುಪ್ತಸಂಖ್ಯೆ ಒತ್ತಿದ, ಹತ್ತು ಸೆಕೆಂಡಿನೊಳಗೆ ಹಣ ಹೋಯಿತು. ತೆಗೆಯುವಾಗ ಮಾತ್ರ ಒಂದು ದಿನ, ಮೂರು ದಿನ, ಹದಿನೈದು ದಿನ! ನಡುವೆ ಆಧಾರ್ ಕಾರ್ಡಿನ ಚಿತ್ರ ಕಳಿಸಿ ಎನ್ನುತ್ತಾರೆ. ಕಳಿಸಿದರೆ ಅಕ್ಷರ ಮಸುಕಾಗಿವೆ ಎನ್ನುತ್ತಾರೆ. ಮತ್ತೆ ಕಳಿಸಿದರೆ ಪಾಸ್‌ಬುಕ್ಕಿನ ಹೆಸರಿಗೂ ಖಾತೆಯ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದೆ ಎನ್ನುತ್ತಾರೆ. ಅಷ್ಟರಲ್ಲಿ ಮತ್ತೊಂದು ಪಂದ್ಯ ಬಂದಿರುತ್ತದೆ. ಸುಮ್ಮನೆ ಬಿದ್ದಿರುವ ರೊಕ್ಕ ತಾನೇ ಎಂದು ಹುಡುಗ ಅದನ್ನೂ ಹೂಡುತ್ತಾನೆ. ‘ಪರಿಶೀಲನೆ’ಯ ನಿಜವಾದ ಉದ್ದೇಶ ಇದೇ ಎಂಬುದು ಅವನಿಗೆ ಹೊಳೆಯುವಾಗ ಖಾತೆ ಖಾಲಿ.

ಸೋತವರ ಕತೆ ಈ ಸೀಮೆಗೆ ಹೊಸದಲ್ಲ. ಹೊಲ ಮಾರಿದವರು, ಹೆಂಡತಿಯ ತಾಳಿ ಒತ್ತೆಯಿಟ್ಟವರು ಪ್ರತಿ ಊರಿನ ಕಟ್ಟೆಯ ಮಾತಿನಲ್ಲಿ ಬಂದುಹೋಗುತ್ತಾರೆ. ಆದರೆ ಗೆದ್ದೂ ಕಳೆದುಕೊಂಡವನ ಪಾಡು ಬೇರೆ. ಆತ ಯಾರ ಮುಂದೆಯೂ ಹೇಳುವಂತಿಲ್ಲ. ಮನೆಯಲ್ಲಿ ಹೇಳಿದರೆ ಆಡಿದ್ದಕ್ಕೆ ಬೈಗುಳ, ಗೆಳೆಯರಲ್ಲಿ ಹೇಳಿದರೆ ನಗೆ. ಇನ್ನು ಠಾಣೆಗೆ ಹೋದರೆ ತನ್ನನ್ನೇ ಕೂರಿಸಿಕೊಂಡಾರು ಎಂಬ ಅಂಜಿಕೆ.

ಹತ್ತಿಯ ಧಾರಣೆಯಿಂದ ಹುಟ್ಟಿದ ಆಟ

ಜೂಜಿಗೂ ಗದಗ ಸೀಮೆಗೂ ಒಂದು ವಿಚಿತ್ರ ಬಾದರಾಯಣ ಸಂಬಂಧವಿದೆ. ಅದು ಹತ್ತಿಯ ಮೂಲಕ ಬಂದದ್ದು. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜ ಆಗಿನ ಧಾರವಾಡ ಜಿಲ್ಲೆಯ ಎರೆ ಹೊಲಗಳಿಗೆ ಬಂತು. ಬೆಳೆದ ಅರಳೆ ‘ಧಾರವಾಡ-ಅಮೆರಿಕನ್’ ಎಂದೇ ಪೇಟೆಯಲ್ಲಿ ಹೆಸರಾಯಿತು. ಅಂದಿನಿಂದ ಇಲ್ಲಿಯ ರೈತನ ಹಣೆಬರಹ ಮುಂಬಯಿಯ ಹತ್ತಿ ಪೇಟೆಗೆ, ಆ ಪೇಟೆ ಸಮುದ್ರದಾಚೆಯ ಪೇಟೆಗಳಿಗೆ ತಳಕು ಹಾಕಿಕೊಂಡಿತು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ಧಾರಣೆ ಎಷ್ಟಕ್ಕೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂಬುದು ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿತ್ತು. ಆ ಅಂಕಿಯ ಮೇಲೆ ಜನ ಪಣ ಕಟ್ಟತೊಡಗಿದರು. 1961ರಲ್ಲಿ ನ್ಯೂಯಾರ್ಕಿನಿಂದ ಧಾರಣೆ ಬರುವುದು ನಿಂತಿತು. ಆದರೆ ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಮುಂಬಯಿಯಲ್ಲಿ ಚೀಟಿ ಎತ್ತುವ, ಎಲೆ ಎಳೆಯುವ ಆಟ ಶುರುಮಾಡಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಅದು ‘ಮಟಕಾ’. ತೆರೆಯುವ ಅಂಕಿ ‘ಓಪನ್’, ಮುಚ್ಚುವ ಅಂಕಿ ‘ಕ್ಲೋಸ್’ ಆದದ್ದರಿಂದ ನಮ್ಮ ಕಡೆ ಅದು ‘ಓಸಿ’. ಹತ್ತಿ ಹೋದರೂ ಹತ್ತಿಯ ಭಾಷೆ ಉಳಿಯಿತು!

ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3) ಎಂದರೆ ಉತ್ತರ ಕರ್ನಾಟಕದ ಯಾವ ಪೇಪರ್ ಓದುಗನಿಗೂ ವಿವರಿಸಬೇಕಾಗಿಲ್ಲ. ‘ಒಂದು ರೂಪಾಯಿಗೆ 80 ರೂಪಾಯಿ’ ಎಂದು ಕೂಗಿ ಅಂಕಿ ಬರೆದುಕೊಳ್ಳುತ್ತಿದ್ದವನು ಸಿಕ್ಕಿಬಿದ್ದ ಸುದ್ದಿ ಅದೆಷ್ಟು ಬಾರಿ ಬಂದಿದೆಯೋ. ಅಂಕಿಯ ಜೋಡಿ ನೂರು ಇವೆ, ಕೊಡುವುದು 80. ಉಳಿದ 20 ಆಡಿಸುವವನದು. ಲೆಕ್ಕ ಇಷ್ಟು ನೇರವಾಗಿತ್ತು. ಆದರೆ ಬಂದ ಅಂಕಿಗೆ ರೊಕ್ಕ ಕೊಡದೆ ಚೀಟಿ ಬರೆಯುವವನು ಮರುದಿನ ಅದೇ ಓಣಿಯಲ್ಲಿ ಓಡಾಡುವಂತಿರಲಿಲ್ಲ. ಆಟ ಅಕ್ರಮವೇ, ಮನೆ ಮುರಿದದ್ದೂ ನಿಜವೇ. ಆದರೂ ಕೇಳುವುದಕ್ಕೆ ಎದುರಿಗೆ ಒಂದು ಮುಖವಿತ್ತು. ಮೊಬೈಲ್ ಕಿತ್ತುಕೊಂಡದ್ದು ಮೊದಲು ಈ ಮುಖವನ್ನು.

ಒಳಗೆ ಹೋಗುವ ಬಾಗಿಲೇ ಬೇರೆ

ಹಾಗಾದರೆ ಗೆದ್ದ ಹಣ ಎಲ್ಲಿ ನಿಲ್ಲುತ್ತದೆ? ಆಪ್‌ನಲ್ಲಿ ‘ಬಾಕಿ 18,500’ ಎಂದು ತೋರಿಸುವುದು ಹಣವಲ್ಲ, ಅಂಕಿ ಮಾತ್ರ. ಹುಡುಗ ಕಳಿಸಿದ ರೊಕ್ಕ ಯಾವುದೋ ರಾಜ್ಯದ ಯಾರದೋ ಖಾತೆಗೆ ಹೋಗಿ, ಅಲ್ಲಿಂದ ಹತ್ತು ಖಾತೆಗೆ ಹರಿದುಹಂಚಿ ಹೋಗಿರುತ್ತದೆ. ಈ ಖಾತೆಗಳು ಕಂಪನಿಯವಲ್ಲ. ಕೆಲವು ಸಾವಿರ ರೂಪಾಯಿಯ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಬಾಡಿಗೆಗೆ ಕೊಟ್ಟ ಬಡವರ, ವಿದ್ಯಾರ್ಥಿಗಳ ಖಾತೆಗಳು. ಪೊಲೀಸರು ಇವನ್ನು ‘ಮ್ಯೂಲ್’ ಖಾತೆ ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ; ಹೊರುವುದಷ್ಟೇ ಅದರ ಕೆಲಸ. ಬೆಳಿಗ್ಗೆ ಇದ್ದ ಯುಪಿಐ ವಿಳಾಸ ಸಂಜೆಗೆ ಬದಲಾಗುವುದು ಇದೇ ಕಾರಣಕ್ಕೆ.

ಮೊದಲ ಸಲ 500 ಗೆದ್ದರೆ ತಕ್ಷಣ ಕೊಡುತ್ತಾರೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಮೊತ್ತ ದೊಡ್ಡದಾದಾಗ ಷರತ್ತುಗಳು ಎದ್ದು ನಿಲ್ಲುತ್ತವೆ. ಅವುಗಳಲ್ಲಿ ‘ಬೋನಸ್’ ಎಂಬುದು ಬಹಳ ಜಾಣತನದ್ದು. 1,000 ರೂಪಾಯಿ ಹಾಕಿದರೆ ಇನ್ನೂ 1,000 ಉಚಿತ ಎನ್ನುತ್ತಾರೆ. ಆದರೆ ಬೋನಸಿನ 30 ಪಟ್ಟು ಆಡಿದ ಮೇಲಷ್ಟೇ ಹಣ ತೆಗೆಯಬಹುದು ಎಂಬ ಸಾಲು ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ ಎನ್ನಿ. ಅಂದರೆ 30,000 ರೂಪಾಯಿಯ ಪಣ. ಪ್ರತಿ ನೂರಕ್ಕೆ ಐದು ರೂಪಾಯಿ ಆಡಿಸುವವನ ಪಾಲಿಗೆ ಉಳಿಯುವ ಆಟವಾದರೆ, ಆ ಷರತ್ತು ಮುಗಿಸುವಷ್ಟರಲ್ಲಿ ಸರಾಸರಿಯಲ್ಲಿ 1,500 ಹೋಗಿರುತ್ತದೆ. ಉಚಿತವಾಗಿ ಬಂದ ಸಾವಿರವೂ ಹೋಯಿತು, ಮನೆಯಿಂದ ತಂದದ್ದರಲ್ಲಿ ಅರ್ಧವೂ ಹೋಯಿತು. ಇದರಲ್ಲಿ ಮೋಸವೇನೂ ಇಲ್ಲ, ಬರೀ ಗುಣಾಕಾರ.

ಶುದ್ಧ ಮೋಸದ ವಿಧಾನ ಇನ್ನೊಂದಿದೆ. ‘ನಿಮ್ಮ ಗೆಲುವಿಗೆ ಶೇ 30 ಆದಾಯ ತೆರಿಗೆ ಇದೆ; ಅದನ್ನು ಮೊದಲು ಕಟ್ಟಿ, ಪೂರ್ತಿ ಹಣ ಬಿಡುಗಡೆ ಮಾಡುತ್ತೇವೆ’ ಎಂದು ವಾಟ್ಸ್‌ಆಪಿನಲ್ಲೋ ಟೆಲಿಗ್ರಾಮಿನಲ್ಲೋ ‘ಕಸ್ಟಮರ್ ಕೇರ್’ ಹೇಳುತ್ತದೆ. ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆ ಎಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂದದ್ದು ಸತ್ಯ. ಅದಕ್ಕೇ ಈ ಸುಳ್ಳು ನಂಬುವಂತಿದೆ. ಆದರೆ ಆ ತೆರಿಗೆಯನ್ನು ಕೊಡುವ ಕಂಪನಿಯೇ ಕೊಡುವ ಹಣದಲ್ಲಿ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಗೆದ್ದವನು ಯಾವುದೋ ಯುಪಿಐ ಸಂಖ್ಯೆಗೆ ಮುಂಗಡ ಕಳಿಸುವ ತೆರಿಗೆ ಭಾರತದಲ್ಲಿ ಎಲ್ಲಿಯೂ ಇಲ್ಲ. ಸಿಕ್ಕಿಹಾಕಿಕೊಂಡ 18,000 ಬಿಡಿಸಲು ಹೋಗಿ ಮತ್ತೆ ಐದಾರು ಸಾವಿರ ಸಾಲ ಮಾಡಿ ಕಳಿಸಿದವನಿಗೆ, ಮರುದಿನ ‘ಸಂಸ್ಕರಣಾ ಶುಲ್ಕ’ದ ಬೇಡಿಕೆ ಬರುತ್ತದೆ.

ಆ ಸಂದೇಶಗಳ ಕನ್ನಡವನ್ನಾದರೂ ನೋಡಬೇಕು! ಲಕ್ಷ್ಮೇಶ್ವರವೆಂದರೆ ಪುಲಿಗೆರೆ, ಕನ್ನಡದ ತಿರುಳು ಇರುವ ನಾಡು ಎಂದು ಕವಿರಾಜಮಾರ್ಗ ಎಣಿಸಿದ ನಾಲ್ಕು ಊರುಗಳಲ್ಲಿ ಒಂದು. ಅಲ್ಲಿಯ ಹುಡುಗನಿಗೆ ‘ಪ್ರಿಯ ಆಟಗಾರ, ನಿಮ್ಮ ಹಿಂತೆಗೆತವು ಸಂತೋಷದಿಂದ ನಿರಾಕರಿಸಲಾಗಿದೆ’ ಎಂಬ ಧಾಟಿಯ ಯಂತ್ರಾನುವಾದ. ಎದುರಿಗಿರುವುದು ಮನುಷ್ಯನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಪರಸ್ಪರ ಮುಖ ಬಲ್ಲವರು ಒಬ್ಬರ ರೊಕ್ಕಕ್ಕೆ ಒಬ್ಬರು ಜವಾಬು ಹೇಳಬೇಕು ಎಂಬುದೇ ಅದರ ಬುನಾದಿ. ಅಂಥ ಜಿಲ್ಲೆಯ ಮಕ್ಕಳು ಈಗ ಠೇವಣಿ ಇಡುತ್ತಿರುವುದು ಕುರಸಾವೊದಲ್ಲಿ.

ಸಂಸ್ಥಾನದಿಂದ ದ್ವೀಪಕ್ಕೆ

ಕುರಸಾವೊ ಎಂಬುದು ಕೆರಿಬಿಯನ್ ಸಮುದ್ರದ, ನೆದರ್ಲೆಂಡ್ಸ್ ರಾಜಸತ್ತೆಗೆ ಸೇರಿದ ಒಂದು ಪುಟ್ಟ ದ್ವೀಪ. ಹೊರದೇಶದ ಅನೇಕ ಬೆಟ್ಟಿಂಗ್ ತಾಣಗಳ ಲೈಸೆನ್ಸು ಅಲ್ಲಿಯದು. ಸ್ವಾತಂತ್ರ್ಯಪೂರ್ವದಲ್ಲಿ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಗದಗ-ಬೆಟಗೇರಿ ಬ್ರಿಟಿಷರದು. ಕೆಲವೇ ಹರದಾರಿ ನಡೆದರೆ ದೊರೆ ಬದಲು, ಕಚೇರಿ ಬದಲು. ಆದರೂ ಎತ್ತಿನ ಗಾಡಿ ಕಟ್ಟಿದರೆ ಮುಟ್ಟಬಹುದಾದ ಕಚೇರಿಗಳು ಅವು. ಕುರಸಾವೊದ ಕೋರ್ಟಿಗೆ ಶಿರಹಟ್ಟಿಯವನು ಹೋಗುವುದು ಹೇಗೆ?

ಹೋದವರು ಇಲ್ಲದಿಲ್ಲ. ಭಾರತದಲ್ಲೂ ಬಹಳ ಪ್ರಚಾರ ಮಾಡಿದ್ದ ಒನ್‌ಎಕ್ಸ್‌ಬೆಟ್‌ನ ಹಿಂದಿದ್ದ ಕಂಪನಿ ಆಟಗಾರರಿಗೆ ಕೊಡಬೇಕಾದ ಹಣ ಕೊಡಲಿಲ್ಲವೆಂದು ಆಟಗಾರರ ಪರ ಸಂಸ್ಥೆಯೊಂದು ಮೊಕದ್ದಮೆ ಹೂಡಿ, 2022ರಲ್ಲಿ ಅದೇ ದ್ವೀಪದ ನ್ಯಾಯಾಲಯದಿಂದ ಅದನ್ನು ದಿವಾಳಿ ಎಂದು ಘೋಷಿಸಿಸಿತು. ಅದು ಸಂಘಟನೆಯ ಬಲ.

ಊರಿನ ನ್ಯಾಯಾಲಯದಲ್ಲೇ ದಾವೆ ಹೂಡಬಹುದಲ್ಲ ಎಂದು ಕೇಳುವವರಿದ್ದಾರೆ. ಇಲ್ಲೇ ಕಾನೂನು ಕೈಕಟ್ಟಿ ನಿಲ್ಲುತ್ತದೆ. ಭಾರತೀಯ ಕರಾರು ಕಾಯ್ದೆ 1872ರ ಕಲಂ 30ರ ಪ್ರಕಾರ ಪಂದ್ಯದ ಕರಾರು ಅಸಿಂಧು. ಪಣದಲ್ಲಿ ಗೆದ್ದದ್ದನ್ನು ವಸೂಲು ಮಾಡಿಕೊಡಿ ಎಂದು ದಾವೆ ಹೂಡುವಂತಿಲ್ಲ. ಫಲಿತಾಂಶ ಬರುವ ತನಕ ಇನ್ನೊಬ್ಬನ ಬಳಿ ಇಟ್ಟ ಹಣಕ್ಕೂ ಅದೇ ಗತಿ. 500 ರೂಪಾಯಿ ಅಥವಾ ಅದಕ್ಕೂ ಮೇಲಿನ ಕುದುರೆ ಪಂದ್ಯದ ಬಹುಮಾನಕ್ಕೆ ಕೂಡಿಸುವ ವಂತಿಗೆಗೆ ಮಾತ್ರ ವಿನಾಯಿತಿ. ಸಾಹೇಬರ ಕುದುರೆ ಬಿಟ್ಟು ಉಳಿದೆಲ್ಲಕ್ಕೂ ಬೀಗ!

ಈ ಬೀಗದ ಮೂಲ ಇಂಗ್ಲೆಂಡಿನ 1845ರ ಜೂಜು ಕಾಯ್ದೆ. ತಮಾಷೆಯೆಂದರೆ ಇಂಗ್ಲೆಂಡ್ ತನ್ನ ಬೀಗವನ್ನು 2007ರಲ್ಲಿ ತೆಗೆದುಹಾಕಿತು. ಅಲ್ಲಿ ಆ್ಯಂಡ್ರೂ ಗ್ರೀನ್ ಎಂಬಾತ 2018ರ ಜನವರಿಯಲ್ಲಿ ಬೆಟ್‌ಫ್ರೆಡ್ ಕಂಪನಿಯ ಮೊಬೈಲ್ ಆಟದಲ್ಲಿ 17 ಲಕ್ಷ ಪೌಂಡಿಗೂ ಹೆಚ್ಚು ಗೆದ್ದ. ತಂತ್ರಾಂಶದ ದೋಷದಿಂದ ಬಂದ ಗೆಲುವು ಎಂದು ಕಂಪನಿ ಕೊಡಲಿಲ್ಲ. ಮೂರು ವರ್ಷ ಕಾದು, 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಆತ ಗೆದ್ದ. ಕಂಪನಿ ನೆಚ್ಚಿಕೊಂಡ ಷರತ್ತುಗಳು ಓದುವವನಿಗೆ ಸ್ಪಷ್ಟವಾಗಿರಲಿಲ್ಲ ಎಂಬುದು ತೀರ್ಪಿನ ತಿರುಳು. ಅದೇ ಗ್ರೀನ್ ಮುಂಡರಗಿಯವನಾಗಿದ್ದರೆ ದಾವೆ ದಾಖಲಾಗುವ ಹಂತವನ್ನೇ ದಾಟುತ್ತಿರಲಿಲ್ಲ.

ನಿಷೇಧದ ನಂತರ

ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ನಾಲ್ಕು ತಿಂಗಳಲ್ಲಿ, 2022ರ ಫೆಬ್ರುವರಿ 14ರಂದು, ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ ಸಂಸತ್ತೇ 2025ರ ಆಗಸ್ಟಿನಲ್ಲಿ ಆನ್‌ಲೈನ್ ಹಣದಾಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. 45 ಕೋಟಿ ಜನ ಈ ಆಟಗಳಿಂದ ತೊಂದರೆಗೊಳಗಾಗಿ 20 ಸಾವಿರ ಕೋಟಿಗೂ ಹೆಚ್ಚು ಕಳೆದುಕೊಂಡಿದ್ದಾರೆಂಬುದು ಕೇಂದ್ರ ಸರ್ಕಾರ ಕೊಟ್ಟ ಅಂದಾಜು.

ಕಾಯ್ದೆ ಬಂದ ಕೂಡಲೇ ಡ್ರೀಮ್11ನಂಥ ದೇಶೀ ಕಂಪನಿಗಳು ಹಣದ ಆಟ ನಿಲ್ಲಿಸಿ, ಖಾತೆಯಲ್ಲಿದ್ದ ಬಾಕಿಯನ್ನು ಹಿಂತೆಗೆದುಕೊಳ್ಳಲು ಬಿಟ್ಟವು. ವಿಳಾಸವಿದ್ದ ಕಂಪನಿಗಳ ಮಾತು ಅದು. ವಿಳಾಸವಿಲ್ಲದವುಗಳಿಗೆ ನಿಷೇಧ ಒಂದು ಹೊಸ ನೆಪವಾಯಿತಷ್ಟೆ. ಅವನ್ನು ತಡೆಯುವುದು ಸುಲಭವೂ ಅಲ್ಲ. 2023ರ ನವೆಂಬರಿನಲ್ಲಿ ಕೇಂದ್ರವು ಮಹಾದೇವ್ ಸೇರಿ 22 ಆಪ್ ಮತ್ತು ತಾಣಗಳಿಗೆ ತಡೆಯೊಡ್ಡಿತ್ತು. 2025ರ ಆಗಸ್ಟಿನಲ್ಲಿ ಅಕ್ರಮ ಬೆಟ್ಟಿಂಗ್ ತಾಣಗಳನ್ನು ನಡೆಸಿದ ಆರೋಪದ ಮೇಲೆ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಜಾರಿ ನಿರ್ದೇಶನಾಲಯ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿದರೆ ಮುಚ್ಚಿದ ತಾಣ ಮರುದಿನ ಮತ್ತೆ ತೆರೆಯುತ್ತದೆ.

ಹಣ ಸಿಕ್ಕಿಹಾಕಿಕೊಂಡವನಿಗೆ ಉಳಿದಿರುವ ದಾರಿ ಗೆಲುವಿನ ದಾವೆಯಲ್ಲ, ವಂಚನೆಯ ದೂರು. ಹೊಸ ಕೇಂದ್ರ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ಈ ಒಂದು ಸಂಗತಿ ಹಳ್ಳಿಗಳಿಗೆ ಇನ್ನೂ ತಲುಪಬೇಕು. 1930ಕ್ಕೆ ಫೋನು ಮಾಡುವುದು, ಜಿಲ್ಲೆಯ ಸಿಇಎನ್ ಠಾಣೆಗೆ ಹೋಗುವುದು, ಹಣ ಕಳಿಸಿದ ಯುಪಿಐ ವಿವರ, ಸಂದೇಶಗಳ ಚಿತ್ರ ಒಯ್ಯುವುದು. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ಮುಂದಿನ ಖಾತೆಗೆ ಹಾರುವ ಮೊದಲು ಬ್ಯಾಂಕು ತಡೆಯುವ ಸಾಧ್ಯತೆ ಇರುತ್ತದೆ. ‘ಪರಿಶೀಲನೆಯಲ್ಲಿದೆ’ ಎಂದು ಹದಿನೈದು ದಿನ ಕಾದವನು ಕಳೆದುಕೊಳ್ಳುವುದು ಈ ಗಂಟೆಗಳನ್ನೇ.

ಬಂದರೂ ಕಷ್ಟ

ಇನ್ನು ಪುಣ್ಯಕ್ಕೆ ರೊಕ್ಕ ಬಂದೇಬಿಟ್ಟರೆ? ಅದು ಬರುವುದು ಕಂಪನಿಯ ಖಾತೆಯಿಂದಲ್ಲ, ಅದೇ ಬಾಡಿಗೆ ಖಾತೆಯಿಂದ. ಆ ಖಾತೆಯಲ್ಲಿ ತೆಲಂಗಾಣದಲ್ಲೋ ಗುಜರಾತಿನಲ್ಲೋ ಮೋಸಹೋದ ಇನ್ನೊಬ್ಬನ ಹಣವೂ ಇರುತ್ತದೆ. ಆತ ಅಲ್ಲಿ ದೂರು ಕೊಟ್ಟ ದಿನ, ಹಣ ಹರಿದ ಜಾಡು ಹಿಡಿದು ಪೊಲೀಸರ ಸೂಚನೆ ಬ್ಯಾಂಕಿನಿಂದ ಬ್ಯಾಂಕಿಗೆ ಬರುತ್ತದೆ. ಗದಗಿನ ಶಾಖೆಯಲ್ಲಿರುವ ಈ ಹುಡುಗನ ಖಾತೆಗೂ ತಡೆ ಬೀಳುತ್ತದೆ.

ಎಷ್ಟೋ ಮನೆಗಳಲ್ಲಿ ಯುಪಿಐ ಇರುವುದು ತಾಯಿಯ ಖಾತೆಗೆ, ಮೊಬೈಲು ಇರುವುದು ಮಗನ ಕೈಯಲ್ಲಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬಂದು ಬೀಳುವುದೂ ಅದೇ ಖಾತೆಗೆ. ಮಗ 3,000 ಗೆದ್ದು ಇಳಿಸಿಕೊಂಡದ್ದು ಆಕೆಗೆ ಗೊತ್ತಿರುವುದಿಲ್ಲ. ಸಂತೆಯ ದಿನ ಬ್ಯಾಂಕಿಗೆ ಹೋದಾಗ ಖಾತೆ ತಡೆಯಲ್ಲಿದೆ ಎನ್ನುತ್ತಾರೆ. ಯಾಕೆಂದು ಕೇಳಿದರೆ ಒಂದು ಉದ್ದನೆಯ ದೂರಿನ ಸಂಖ್ಯೆ ಬರೆದುಕೊಡುತ್ತಾರೆ. ಆ ದೂರು ದಾಖಲಾದ ಠಾಣೆ ಯಾವ ಊರಿನದೆಂದು ಹುಡುಕಿ, ಅಲ್ಲಿಯ ಅಧಿಕಾರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರ ಬರೆದು, ಪಾಸ್‌ಬುಕ್ಕಿನ ನಕಲು ಲಗತ್ತಿಸಿ, ಅವರ ಉತ್ತರ ಬ್ಯಾಂಕಿಗೆ ಬರುವ ತನಕ ಆಕೆಯ ಹಣವೂ ಪರಿಶೀಲನೆಯಲ್ಲಿರುತ್ತದೆ.