ಕೊನೆ ತಿಳಿದ ಕಥೆಯ ನಿಧಾನ ನಡಿಗೆ

ನಮ್ಮ ಮನೆಗಳ ತರುಣರು ಇಂದು ದೇಶವಿದೇಶಗಳ ಧಾರಾವಾಹಿಗಳನ್ನು ನೋಡುತ್ತಾರೆ. ನೋಡುವಾಗ ಅವರಿಂದ ಮೇಲಿಂದ ಮೇಲೆ ಕೇಳಿಬರುವ ದೂರು ಒಂದೇ: ‘ಕಥೆ ಮುಂದಕ್ಕೇ ಹೋಗುವುದಿಲ್ಲ.’ ಅಮೆರಿಕೆಯ ‘ಆಂಡೋರ್’ ಎಂಬ ವಿಜ್ಞಾನಕಥಾ ಧಾರಾವಾಹಿಯ ಬಗೆಗೂ ಈ ಮಾತು ಹುಟ್ಟಿತು. ಈ ನಿಧಾನವು ದೋಷವೋ ಗುಣವೋ ಎಂಬುದನ್ನು ವಿಚಾರಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ, ನೋಡುವವನ ಮನಸ್ಸಿನ ಸಂಸ್ಕಾರದ ಪ್ರಶ್ನೆಯೂ ಹೌದು.

ಮೊದಲು ಕಥೆಯ ಹಿನ್ನೆಲೆಯನ್ನು ಅರಿಯೋಣ. 1977ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರ ತೆರೆ ಕಂಡಿತು. ನಕ್ಷತ್ರಲೋಕಗಳನ್ನು ತುಳಿದು ಆಳುವ ಒಂದು ಸಾಮ್ರಾಜ್ಯ. ಒಂದು ಗ್ರಹವನ್ನೇ ಪುಡಿಗೈಯಬಲ್ಲ ‘ಡೆತ್ ಸ್ಟಾರ್’ ಎಂಬ ಅದರ ಆಯುಧ. ಆ ಆಯುಧದ ನಕ್ಷೆಯನ್ನು ಕದ್ದ ಬಂಡುಗಾರರು. ನಕ್ಷೆಯನ್ನು ಕದ್ದ ಬಗೆಯನ್ನು 2016ರ ‘ರೋಗ್ ಒನ್’ ಚಿತ್ರ ಹೇಳಿತು. ಅದರಲ್ಲಿ ಕ್ಯಾಸಿಯನ್ ಆಂಡೋರ್ ಎಂಬ ವೀರನು ಆ ಕಾರ್ಯಕ್ಕಾಗಿಯೇ ಪ್ರಾಣ ಕೊಡುತ್ತಾನೆ. ಅವನ ಅದಕ್ಕೂ ಹಿಂದಿನ ಐದು ವರ್ಷಗಳ ಕಥೆಯೇ ‘ಆಂಡೋರ್’. ಟೋನಿ ಗಿಲ್‌ರಾಯ್ ರೂಪಿಸಿದ ಈ ಧಾರಾವಾಹಿಯ ಮೊದಲ ಭಾಗದ 12 ಕಂತುಗಳು 2022ರಲ್ಲಿ, ಎರಡನೆಯ ಭಾಗದ 12 ಕಂತುಗಳು 2025ರಲ್ಲಿ ಬಂದವು. ನಾಯಕ ಸಾಯುತ್ತಾನೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು.

ಕೊನೆ ಗೊತ್ತಿರುವ ಕಥೆಯನ್ನು ಏಕೆ ನೋಡಬೇಕು? ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಶರಣರ ಚರಿತ್ರೆಯ ಮುಕ್ತಾಯವನ್ನು ಅರಿತವರೇ ತಿಂಗಳುದ್ದಕ್ಕೂ ಬಂದು ಕುಳಿತು ಕೇಳುತ್ತಾರೆ. ಬೇಗ ಮುಗಿಸಿರೆಂದು ಪುರಾಣಿಕರನ್ನು ಅವಸರಪಡಿಸುವವರಿಲ್ಲ. ‘ಏನಾಯಿತು’ ಎಂಬ ಕುತೂಹಲ ತೀರಿದಲ್ಲಿ ‘ಹೇಗಾಯಿತು’ ಎಂಬ ಜಿಜ್ಞಾಸೆ ಮೊದಲಾಗುತ್ತದೆ. ಪೂರ್ವಕಥೆಯ ಪ್ರಾಣವಿರುವುದು ಈ ‘ಹೇಗೆ’ ಎಂಬುದರಲ್ಲಿಯೇ.

ಕ್ಯಾಸಿಯನ್ ಆರಂಭದಲ್ಲಿ ಆದರ್ಶಪುರುಷನಲ್ಲ. ಅವನು ಕಳ್ಳತನ ಮಾಡುವವನು, ಸಾಲಗಾರ, ತನ್ನ ಹಿತವಷ್ಟನ್ನೇ ನೋಡುವವನು. ಹಣದಾಸೆಗೆ ಬಂಡುಗಾರರ ಒಂದು ದರೋಡೆಯಲ್ಲಿ ಪಾಲ್ಗೊಳ್ಳುತ್ತಾನೆ. ಆ ದರೋಡೆ ನಡೆಯುವುದು ಆರನೆಯ ಕಂತಿನಲ್ಲಿ. ಹಿಂದಿನ ಎರಡು ಕಂತುಗಳು ಸಿದ್ಧತೆಗೇ ಮೀಸಲು. ಅದಕ್ಕೆ ಪ್ರತಿಯಾಗಿ ಸಾಮ್ರಾಜ್ಯವು ಶಿಕ್ಷೆಗಳನ್ನು ಕಠಿಣಗೊಳಿಸುತ್ತದೆ. ಮುಂದೆ ಕಡಲತೀರದಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದ ಕ್ಯಾಸಿಯನ್ನನನ್ನೇ ಹಿಡಿದು, ಬೇರೊಂದು ಹೆಸರಿನಲ್ಲಿದ್ದ ಅವನಿಗೆ ಆರು ವರ್ಷ ಸೆರೆವಾಸ ವಿಧಿಸುತ್ತಾರೆ. ಅವಸರದ ಕಣ್ಣಿಗೆ ಈ ಕಾರ್ಯಕಾರಣದ ಎಳೆ ಕಾಣುವುದೇ ಇಲ್ಲ.

ಆ ಸೆರೆಮನೆಯ ಚಿತ್ರಣ ವಿಶೇಷವಾಗಿ ಮನನೀಯ. ಕೈದಿಗಳು ಬರಿಗಾಲಿನವರು; ನೆಲದಲ್ಲಿ ವಿದ್ಯುತ್ತು ಹರಿಸಿ ಅವರನ್ನು ಅಂಕೆಯಲ್ಲಿಡುತ್ತಾರೆ. ಪಾಳಿಯಲ್ಲಿ ಅವರು ಯಂತ್ರದ ಬಿಡಿಭಾಗಗಳನ್ನು ಜೋಡಿಸಬೇಕು. ಹಿಂದೆ ಬಿದ್ದ ಮೇಜಿನವರಿಗೆ ವಿದ್ಯುತ್ತಿನ ಶಿಕ್ಷೆ, ಮುಂದಾದವರಿಗೆ ಊಟದಲ್ಲಿ ಒಂದಿಷ್ಟು ರುಚಿ. ಹೀಗೆ ಕೈದಿಯ ಎದುರು ಕೈದಿಯನ್ನೇ ನಿಲ್ಲಿಸಲಾಗಿದೆ. ತಾವು ಮಾಡುತ್ತಿರುವುದು ಏನನ್ನು, ಯಾರಿಗಾಗಿ ಎಂಬುದು ಒಬ್ಬನಿಗೂ ತಿಳಿಯದು. ಕಾಯಕತತ್ತ್ವವನ್ನು ನಂಬಿದ ನಮಗೆ ಇದು ಅದರ ವಿಪರೀತರೂಪವಾಗಿ ತೋರಿತು. ಕಾಯಕದಲ್ಲಿ ದುಡಿಯುವವನ ಒಪ್ಪಿಗೆಯಿದೆ, ದುಡಿಮೆಯ ಫಲ ದಾಸೋಹವಾಗಿ ಸಮಾಜಕ್ಕೆ ಸಲ್ಲುತ್ತದೆ. ಇಲ್ಲಿ ಬೆವರು ಮಾತ್ರ ಕೈದಿಗಳದು. ಅವರು ಜೋಡಿಸಿದ ಭಾಗಗಳು ಡೆತ್ ಸ್ಟಾರಿಗೇ ಸೇರುತ್ತವೆಂಬ ಸತ್ಯವು ಮೊದಲ ಭಾಗದ ಕೊನೆಯ ಕಂತು ಮುಗಿದು, ಹೆಸರುಗಳೂ ಸರಿದುಹೋದ ಮೇಲೆ ತೋರುತ್ತದೆ. ಕ್ಯಾಸಿಯನ್ ತನ್ನನ್ನು ಕೊನೆಗಾಣಿಸುವ ಆಯುಧಕ್ಕೆ ತನ್ನ ಕೈಯಿಂದಲೇ ದುಡಿದಿದ್ದನು!

ಬಿಡುಗಡೆಯ ದಿನ ಬಂದರೂ ಯಾರೂ ಹೊರಗೆ ಹೋಗುವುದಿಲ್ಲವೆಂಬುದು ತಿಳಿದಾಗ ಕೈದಿಗಳು ದಂಗೆಯೇಳುತ್ತಾರೆ. ಅಲ್ಲಿಯವರೆಗೆ ಮೇಲ್ವಿಚಾರಕನಾಗಿ ದುಡಿಸುತ್ತಿದ್ದ ಕೀನೋ ಲಾಯ್ ಎಂಬ ಕೈದಿಯೇ ಮುಂದಾಳಾಗುತ್ತಾನೆ. ಸುತ್ತಲೂ ನೀರು; ಎಲ್ಲರೂ ಧುಮುಕುವಾಗ ತನಗೆ ಈಜು ಬಾರದೆಂದು ಅವನು ಹೇಳುತ್ತಾನೆ. ಒಂದು ಗಳಿಗೆಯ ಈ ಮಾತು ಎದೆ ನಾಟಬೇಕಾದರೆ ಮೂರು ಕಂತುಗಳ ನಿಧಾನ ಬೇಕೇ ಬೇಕಾಗಿತ್ತು.

ಹಾಗೆಂದು ನಿಧಾನವೇ ಒಂದು ಸದ್ಗುಣವೆಂದು ನಾವು ಹೇಳಲಾರೆವು. 2010ರಲ್ಲಿ ಆರಂಭವಾದ ‘ಕ್ಯಾಪ್ರಿಕಾ’ ಎಂಬುದು ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಗೆ ಬಂದ ಪೂರ್ವಕಥೆ. ಸತ್ತ ಮಗಳ ಪ್ರತಿರೂಪವನ್ನು ಯಂತ್ರದಲ್ಲಿ ಉಳಿಸಿಕೊಳ್ಳಲು ಹೊರಟ ತಂದೆಯ ದುಃಖ, ಏಕದೇವೋಪಾಸಕರಿಗೂ ಬಹುದೇವೋಪಾಸಕರಿಗೂ ನಡೆದ ಕಲಹ – ವಸ್ತು ಗಂಭೀರವಾದುದೇ. ಆದರೆ ಎಳೆಗಳು ಹಲವಾಗಿ, ಒಂದೂ ಗಂಟುಬೀಳದೆ ಕಥೆ ಅಲೆದಾಡಿತೆಂಬುದು ನಮ್ಮ ಅಭಿಪ್ರಾಯ. ಅದೇ ವರ್ಷ ವಾಹಿನಿಯು ಅದನ್ನು ಕೈಬಿಟ್ಟಿತು. 18 ಕಂತುಗಳಿಗೆ ಅದು ನಿಂತಿತು. ಬಿತ್ತಿ ಕಾಯುವುದು ಬೇರೆ, ಬಿತ್ತದೆ ಕಾಯುವುದು ಬೇರೆ. ‘ಆಂಡೋರ್’ನಲ್ಲಿ ಫೆರಿಕ್ಸ್ ಎಂಬ ಊರಿನ ಗೋಪುರದಲ್ಲಿ ಒಬ್ಬನು ಅಡಿಗಲ್ಲಿಗೆ ಬಡಿದು ಹೊತ್ತು ಸಾರುವುದನ್ನು ಮೊದಲಿಗೇ ತೋರಿಸುತ್ತಾರೆ. ಆಗ ಅದು ಬರಿಯ ಊರ ವಾಡಿಕೆ. 12ನೆಯ ಕಂತಿನಲ್ಲಿ ಕ್ಯಾಸಿಯನ್ನನ ಸಾಕುತಾಯಿಯ ಶವಯಾತ್ರೆಯ ದಿನ ಅದೇ ನಾದ ಊರನ್ನೇ ಎಚ್ಚರಿಸುತ್ತದೆ. ಬಿತ್ತಿದ್ದು ಬೆಳೆಯಿತು.

ಅನ್ಯಾಯ ಒಂದೇ ದಿನ ಮನೆಗೆ ನುಗ್ಗುವುದಿಲ್ಲ. ಒಂದು ಕಾನೂನು, ಒಂದು ಮೌನ, ಒಂದು ಹೊಂದಾಣಿಕೆ – ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದನ್ನು ಎದುರಿಸುವ ಧೈರ್ಯವೂ ಮನುಷ್ಯನಲ್ಲಿ ಹಾಗೆಯೇ ಕೂಡುತ್ತದೆ. ಎಲ್ಲವನ್ನೂ ಓಡಿಸಿ ನೋಡುವ ಕಣ್ಣಿಗೆ ಈ ಮೆಟ್ಟಿಲುಗಳು ಕಾಣದಾದರೆ, ಬಾಳಿನಲ್ಲಿಯೂ ಕಾಣದೆ ಹೋದಾವೆಂಬುದೇ ನಮ್ಮ ಕಳವಳ.

ಈ ಧಾರಾವಾಹಿಯಲ್ಲಿ ಕೊಲೆ, ಹಿಂಸೆಗಳ ದೃಶ್ಯಗಳಿವೆ. ಆದುದರಿಂದ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಪ್ರಾಯಕ್ಕೆ ಬಂದ ಮಕ್ಕಳೊಡನೆ ಹಿರಿಯರು ವಾರಕ್ಕೊಂದು ಕಂತು ನೋಡಲಿ. ನೋಡಿಯಾದ ಮೇಲೆ ‘ಮುಂದೇನು’ ಎಂದು ಕೇಳುವ ಬದಲು ‘ಇವನು ಹೀಗೇಕೆ ಮಾಡಿದನು’ ಎಂದು ಒಬ್ಬರನ್ನೊಬ್ಬರು ಕೇಳಲಿ. ಆ ಮಾತುಕತೆಗೆ ಮನೆಯಲ್ಲಿ ಒಂದು ಗಳಿಗೆಯ ಬಿಡುವು ದೊರೆತರೆ ಕಥೆಯ ನಿಧಾನವೂ ಸಾರ್ಥಕವಾಗುವುದು.