ಗ್ರಂಥವಿಮರ್ಶೆಯಲ್ಲಿ ಪಾಠಪರೀಕ್ಷೆ

ಸಂಪಾದಿತ ಪ್ರಾಚೀನ ಗ್ರಂಥವನ್ನು ಸಂಶೋಧನ ಪತ್ರಿಕೆಯಲ್ಲಿ ವಿಮರ್ಶಿಸುವವನು ವಿಷಯಸಂಗ್ರಹವನ್ನಷ್ಟೇ ನೀಡಿದರೆ ಸಾಲದು. ಆಧಾರಪ್ರತಿಗಳಾವುವು, ಪಾಠಾಂತರಗಳು ನಮೂದಾಗಿವೆಯೆ, ಊಹಾಪಾಠಗಳನ್ನು ಬೇರ್ಪಡಿಸಿ ತೋರಿಸಿದೆಯೆ ಎಂಬುದನ್ನೂ ಪರೀಕ್ಷಿಸಬೇಕು.

ಇದಕ್ಕೆ ‘ಷಟ್ಖಂಡಾಗಮ’ವೇ ನಿದರ್ಶನ. ಮೂಡಬಿದಿರೆಯ ತಾಳೆಯೋಲೆಗಳನ್ನು ನೇರವಾಗಿ ನೋಡುವ ಅವಕಾಶವಿಲ್ಲದೆ, ಪ್ರತಿಯ ಪ್ರತಿಗಳನ್ನು ಆಧರಿಸಿ, ಧವಲಾಟೀಕೆಸಹಿತವಾದ ಅದರ ಪ್ರಥಮ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಯಿತು. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಯಿತು. ಸ್ತ್ರೀಯರಿಗೆ ಸಂಯಮದ ಗುಣಸ್ಥಾನಗಳುಂಟೆ ಎಂಬ ಪ್ರಶ್ನೆಗೆ ಆ ಪದ ತಗುಲಿದ್ದುದರಿಂದ ತೀವ್ರ ವಾದವೆದ್ದಿತು. ಮುಂದೆ ಮೂಲದ ಓಲೆಯಲ್ಲಿ ಆ ಪದವೇ ದೊರೆಯಿತು. ಅರ್ಥದ ವಿವಾದ ಉಳಿದರೂ ಪಾಠ ನಿಶ್ಚಿತವಾಯಿತು.

ಊಹೆಯನ್ನು ಮೂಲದಲ್ಲಿ ಬೆರೆಸದೆ ಅಡಿಯಲ್ಲಿಟ್ಟ ಈ ಪ್ರಾಮಾಣಿಕತೆಯನ್ನೇ ವಿಮರ್ಶಕನು ಮೊದಲು ಅರಸತಕ್ಕದ್ದು.