ಹೊರಗಿನ ಗಾತ್ರ, ಒಳಗಿನ ವಿಸ್ತಾರ

ಇಂದು ಸಾಮಾನ್ಯ ಗೃಹಸ್ಥರ ಮನೆಯ ಮುಂದೆಯೂ ಕಾರು ನಿಂತಿರುವುದು ಅಪೂರ್ವವಲ್ಲ. ಅದನ್ನು ಕೊಳ್ಳುವ ಮುನ್ನ ಮನೆಯಲ್ಲಿ ನಡೆಯುವ ಚರ್ಚೆಯಾದರೋ ಬಹುತೇಕ ಬೆಲೆ, ಬಣ್ಣ, ಮೈಲೇಜುಗಳಲ್ಲಿಯೇ ಮುಗಿದುಹೋಗುತ್ತದೆ. ಒಳಗೆ ಕುಳಿತುಕೊಳ್ಳುವವರು ಯಾರು, ಎಷ್ಟು ಹೊತ್ತು ಕುಳಿತಿರಬೇಕು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ದೊಡ್ಡ ಕಾರೆಂದರೆ ಸುಖ, ಸಣ್ಣ ಕಾರೆಂದರೆ ಇಕ್ಕಟ್ಟು ಎಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಉಪನ್ಯಾಸಗಳ ನಿಮಿತ್ತ ಹಲವು ದಶಕಗಳಿಂದ ಭಕ್ತರ ಹಿರಿಕಿರಿಯ ವಾಹನಗಳಲ್ಲಿ ಸಂಚರಿಸಿರುವ ನಾವು ಈ ತಿಳುವಳಿಕೆಯ ಸತ್ಯಾಸತ್ಯವನ್ನು ಕೊಂಚ ವಿಚಾರಿಸಬಯಸುತ್ತೇವೆ.

ಹಿರಿಯ ಕಾರಿಗೆ ಅಂಬಾಸಿಡರೇ ನಿದರ್ಶನ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ಉತ್ಪಾದನೆ ೨೦೧೪ರಲ್ಲಿ ನಿಂತಿತು. ಉದ್ದ ಸುಮಾರು ೪.೩ ಮೀಟರು. ಹಳೆಯ ಮಾದರಿಗಳಲ್ಲಿ ಮುಂದಿನ ಆಸನವೂ ಬೆಂಚಿನಂತಿದ್ದು, ಗೇರಿನ ಹಿಡಿ ಸ್ಟಿಯರಿಂಗಿನ ಬಳಿಯಲ್ಲಿತ್ತು. ಆದುದರಿಂದ ಮುಂದೆ ಮೂವರು, ಹಿಂದೆ ಮೂವರು ಕೂಡಬಹುದಾಗಿತ್ತು. ಆದರೆ ಅದರ ಉದ್ದದ ಗಣನೀಯ ಭಾಗವನ್ನು ಉದ್ದುದ್ದವಾಗಿ ಇರಿಸಿದ ಇಂಜಿನ್ನೂ ಡಿಕ್ಕಿಯೂ ನುಂಗಿಬಿಡುತ್ತಿದ್ದವು. ಹಿಂದಿನ ಚಕ್ರಕ್ಕೆ ಶಕ್ತಿಯೊಯ್ಯುವ ದಂಡವು ಸಾಗಲೆಂದು ನೆಲದ ನಡುವೆ ದಿಣ್ಣೆಯೂ ಎದ್ದಿತ್ತು.

ಈ ಕಟ್ಟುಪಾಡನ್ನು ಮುರಿದವರು ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರರು. ೧೯೫೬ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಅಭಾವವುಂಟಾದಾಗ ಸಣ್ಣ ಕಾರೊಂದರ ಅಗತ್ಯ ತಲೆದೋರಿತು. ೧೯೫೯ರಲ್ಲಿ ಹೊರಬಂದ ಮಿನಿ ಕಾರಿನ ಉದ್ದ ಸುಮಾರು ಹತ್ತೇ ಅಡಿ. ಇಂಜಿನ್ನನ್ನು ಅಡ್ಡಲಾಗಿ ತಿರುಗಿಸಿ, ಮುಂದಿನ ಚಕ್ರಗಳಿಗೇ ಶಕ್ತಿ ನೀಡಿ, ಚಕ್ರಗಳನ್ನು ನಾಲ್ಕೂ ಮೂಲೆಗಳಿಗೆ ತಳ್ಳಿದುದರಿಂದ ನೆಲದ ಶೇಕಡಾ ೮೦ರಷ್ಟು ಭಾಗ ಜನರಿಗೂ ಸಾಮಾನಿಗೂ ಮೀಸಲಾಯಿತು. ಅಡ್ಡ ಇಂಜಿನ್ನಿನ ಈ ಕ್ರಮವೇ ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ರ ಮೂಲಕ ನಮ್ಮ ಮನೆಗಳನ್ನೂ ತಲುಪಿತು. ಮುಂದೆ ವ್ಯಾಗನ್‌ಆರ್‌ನಂತಹ ಎತ್ತರದ ಕಾರುಗಳು ಬಂದವು. ಮನುಷ್ಯನನ್ನು ನೆಟ್ಟಗೆ ಕೂರಿಸಿದರೆ ಕಾಲು ಚಾಚಲು ಬೇಕಾಗುವ ಉದ್ದ ಕಡಿಮೆಯಾಗುತ್ತದೆ. ಎತ್ತರವು ಉದ್ದದ ಕೊರತೆಯನ್ನು ತುಂಬುತ್ತದೆ. ಟಾಟಾ ನ್ಯಾನೊ ಹೊರಗೆ ಮಾರುತಿ ೮೦೦ಕ್ಕಿಂತ ಸುಮಾರು ಶೇಕಡಾ ೮ರಷ್ಟು ಗಿಡ್ಡ, ಒಳಗೆ ಶೇಕಡಾ ೨೧ರಷ್ಟು ವಿಶಾಲವೆಂದು ಅದರ ತಯಾರಕರು ೨೦೦೮ರಲ್ಲಿ ಸಾರಿದರು. ಆದರೆ ಕಾಲಿಗೆ ದೊರೆತ ಜಾಗ ಗಂಟುಮೂಟೆಗೆ ದೊರೆಯಲಿಲ್ಲ. ನಾಲ್ಕು ಮೀಟರಿಗೊಳಗಿನ ಸಣ್ಣ ಕಾರುಗಳಿಗೆ ೨೦೦೬ರಲ್ಲಿ ತೆರಿಗೆಯ ರಿಯಾಯಿತಿ ಬಂದ ಬಳಿಕ, ೨೦೧೨ರಲ್ಲಿ ಸ್ವಿಫ್ಟ್ ಡಿಸೈರ್ ೩.೯೯೫ ಮೀಟರಿಗೆ ಇಳಿದಾಗಲೂ ಮೊಟಕಾದದ್ದು ಡಿಕ್ಕಿಯೇ.

ಹಾಗಾದರೆ ಸಣ್ಣದರಲ್ಲಿ ಕೊರತೆಯೇ ಇಲ್ಲವೇ? ಇದೆ. ಉದ್ದವನ್ನೂ ಎತ್ತರವನ್ನೂ ಜಾಣ್ಮೆಯಿಂದ ಗಳಿಸಬಹುದು, ಅಗಲವನ್ನು ಗಳಿಸಲಾಗದು. ಅಂಬಾಸಿಡರಿನ ಹೊರ ಅಗಲ ಸುಮಾರು ೧.೬೬ ಮೀಟರು, ಮಾರುತಿ ೮೦೦ರದು ಒಂದೂವರೆ ಮೀಟರಿಗೂ ಕಡಿಮೆ. ಮೂವರ ಭುಜಗಳು ಒಂದಕ್ಕೊಂದು ಒತ್ತಿಕೊಳ್ಳುವುದು ಇಲ್ಲಿಯೇ. ಎರಡನೆಯದು ಓಲಾಟ. ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರ ಕಡಿಮೆಯಾದಷ್ಟೂ ರಸ್ತೆಯುಬ್ಬಿನಲ್ಲಿ ವಾಹನ ಹಿಂದಕ್ಕೂ ಮುಂದಕ್ಕೂ ಹೆಚ್ಚು ತೂಗುತ್ತದೆ. ಊರೊಳಗೆ ಇದು ಬಾಧಿಸದು. ಬೀದರಿನಿಂದ ಮೈಸೂರಿನಂತಹ ದೂರದ ಪಯಣದಲ್ಲಿ ಸೊಂಟವೇ ಸಾಕ್ಷಿ ನುಡಿಯುತ್ತದೆ.

ದೊಡ್ಡ ವಾಹನದಲ್ಲಿಯೂ ಎಲ್ಲ ಆಸನಗಳೂ ಸಮಾನವಲ್ಲ. ಏಳು ಜನರ ಗಾಡಿಯ ಕೊನೆಯ ಸಾಲು ಹಿಂದಿನ ಚಕ್ರಗಳ ಮೇಲೆಯೇ ಬರುವುದರಿಂದ ಕುಲುಕಾಟ ಅಲ್ಲಿಯೇ ಅಧಿಕ. ನೆಲ ಎತ್ತರವಾಗಿರುವುದರಿಂದ ಮೊಣಕಾಲುಗಳು ಎದೆಯತ್ತ ಬರುತ್ತವೆ. ಮಂಡಿನೋವಿನ ಹಿರಿಯರಿಗಾದರೆ ತಗ್ಗಿನ ಕಾರಿನಿಂದ ಏಳುವುದೂ ಕಷ್ಟ, ಎತ್ತರದ ಜೀಪಿನಂತಹ ಗಾಡಿಗೆ ಸೀರೆಯುಟ್ಟು ಹತ್ತುವುದೂ ಕಷ್ಟ. ಸೊಂಟದ ಮಟ್ಟಕ್ಕಿರುವ ಆಸನವೇ ಅವರಿಗೆ ಹಿತ. ಅದು ಎಷ್ಟೋ ಸಣ್ಣ ಕಾರುಗಳಲ್ಲಿ ದೊರೆಯುತ್ತದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಹಿಂದಿನ ಆಸನದ ನಡುವೆ ಕೂರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ, ಇಲ್ಲವೇ ಕಿರಿಯ ಮಗಳು. ಕಾಲ ಕೆಳಗೆ ದಿಣ್ಣೆ, ಬೆನ್ನಿಗೆ ಗಟ್ಟಿ ಒರಗು, ಆತುಕೊಳ್ಳಲು ಕಿಟಕಿಯೂ ಇಲ್ಲ. ಆಕೆ ದೂರಿಕೊಳ್ಳುವುದಿಲ್ಲವಾದ್ದರಿಂದ ಆ ಕಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದುದರಿಂದ ಸದ್ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಕಾರು ಕೊಳ್ಳುವ ಮುನ್ನ ಮನೆಮಂದಿಯನ್ನೆಲ್ಲ ಅಂಗಡಿಗೆ ಕರೆದೊಯ್ಯಿರಿ. ಅಜ್ಜಿಯನ್ನು ಎರಡು ಬಾರಿ ಹತ್ತಿಸಿ ಇಳಿಸಿರಿ. ಯಜಮಾನರು ಹಿಂದಿನ ನಡು ಆಸನದಲ್ಲಿ ಕುಳಿತು ಒಂದು ಸುತ್ತು ಬರಲಿ. ನಾಲ್ವರೇ ಇರುವ ಮನೆಗೆ ಎತ್ತರದ ಸಣ್ಣ ಕಾರು ಧಾರಾಳವಾಗಿ ಸಾಲುತ್ತದೆ. ನಿತ್ಯವೂ ಐವರು ಹೊರಡುವ, ದೂರ ಸಂಚರಿಸುವ ಮನೆಗೆ ಅಗಲವಾದುದೇ ಬೇಕು. ನಡುವೆ ಕುಳಿತವರ ನೆಮ್ಮದಿಯೇ ವಾಹನದ ನಿಜವಾದ ಅಳತೆಗೋಲೆಂಬುದನ್ನು ಮರೆಯದಿರೋಣ.